ನೂಲು ಎಂತ ಹೇಳ್ತದೆ

ನನ್ನ ಮಾವನ ದೋಣಿಯನ್ನು ನಾನು ಮೊದಲ ಸಲ ಹತ್ತಿದ್ದು ಸೊಸೆಯಾಗಿ ಅಲ್ಲ, ಗಿರಾಕಿಯಾಗಿ. ಹಾಗೆಂದು ತೀರ್ಪು ಕೊಟ್ಟವರು ಅತ್ತೆ. ಮೀನು ಹಿಡಿಯುವ ದೋಣಿಗೆ ಹೆಂಗಸರು ಕಾಲಿಡುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಹೆಂಗಸರ ಕೆಲಸ ದೋಣಿ ದಡಕ್ಕೆ ಬಂದ ಮೇಲೆ ಶುರುವಾಗುತ್ತದೆ. ಅತ್ತೆ ಕಟಪಾಡಿಯಲ್ಲಿ ಮೀನಿನ ಬುಟ್ಟಿಯ ಮುಂದೆ ಕೂತು ಅರ್ಧ ಆಯುಷ್ಯ ಕಳೆದವರು, ಆದರೆ ಗಂಡನ ದೋಣಿಯ ಒಳಗೆ ಏನೇನಿದೆ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ಇರಲಿ, ಮಾವ ಬಲೆ ಮಡಚಿ ಅಟ್ಟಕ್ಕೆ ಹಾಕಿ ಆಗಲೇ ಕೆಲವು ವರ್ಷಗಳಾಗಿದ್ದವು. ಈಗ ಅದು ಬಾಡಿಗೆ ದೋಣಿ. ಗಾಳ ಹಾಕುವ ಹುಚ್ಚು ಹಿಡಿದವರು ಭಾನುವಾರ ಬೆಳಿಗ್ಗೆ ಕಾಪುವಿಗೆ ಬರುತ್ತಾರೆ. ಮಾವ ಅವರನ್ನು ದೀಪಸ್ತಂಭದ ಆಚೆ, ನೀರಿನಡಿ ಬಂಡೆಗಳಿರುವ ಜಾಗಕ್ಕೆ ಕರೆದುಕೊಂಡು ಹೋಗಿ, ಗಾಳ ಹಾಕುವುದನ್ನು ಹೇಳಿಕೊಟ್ಟು, ಮಧ್ಯಾಹ್ನದ ಊಟದೊಳಗೆ ವಾಪಸ್ ಕರೆತರುತ್ತಾರೆ.

"ಎಲ್ಲೆಲ್ಲಿಯ ಹೆಂಗಸರೋ ಚಪ್ಪಲಿ ಸಮೇತ ಹತ್ತುತ್ತಾರೆ," ಎಂದರು ಅತ್ತೆ. "ಇವಳೂ ಗಿರಾಕಿ ಅಂತ ಹತ್ತಲಿ. ಗಿರಾಕಿ ಕೂರುವಲ್ಲಿ ಕೂರಲಿ." ಅತ್ತೆ ಮಾತಾಡುವುದು ತುಳುವಿನಲ್ಲಿ. ಕನ್ನಡದಲ್ಲಿ ಬರೆದರೆ ಅವರ ಮಾತಿನ ಖಾರ ಅರ್ಧಕ್ಕರ್ಧ ಇಳಿಯುತ್ತದೆ, ಏನು ಮಾಡುವುದು.

ನಾನು ದೋಣಿ ಹತ್ತಬೇಕಾಗಿ ಬಂದದ್ದು ಒಂದು ಜೋಡಿ ಬಿಳಿ ಬೂಟಿನ ದೆಸೆಯಿಂದ. ಕಾರ್ಕಳದಲ್ಲಿ ಗ್ರಾನೈಟ್ ಅಂಗಡಿ ಇಟ್ಟಿರುವ ಒಬ್ಬರು ಮಾವನ ಖಾಯಂ ಗಿರಾಕಿ. ಮಳೆಗಾಲ ಕಳೆದು ದೋಣಿ ನೀರಿಗಿಳಿದ ಮೊದಲ ಭಾನುವಾರ ಅವರು ಹೊಸ ಬಿಳಿ ಬೂಟು ಹಾಕಿಕೊಂಡು ಬಂದಿದ್ದರು. ದೊಡ್ಡ ಮೀನೊಂದು ಗಾಳಕ್ಕೆ ಸಿಕ್ಕಿ ನೂಲು ಸರ್ರೆಂದು ಓಡುವಾಗ ಮಾವ ಅದನ್ನು ಬರಿಗೈಯಲ್ಲಿ ತಡೆದು ಹಿಡಿದರು. ಮೀನು ದೋಣಿಗೆ ಬಂತು. ಫೋಟೋ ಎಲ್ಲ ತೆಗೆದಾದ ಮೇಲೆ ಗಿರಾಕಿ ತಮ್ಮ ಬೂಟು ನೋಡಿಕೊಂಡರೆ ಕೆಂಪು. ಮೀನಿನ ರಕ್ತ ಎಂದುಕೊಂಡರು. ಮಾವನೂ ಹಾಗೆಯೇ ಎಂದುಕೊಂಡರು. ಅದು ಮಾವನದ್ದೇ ಎಂದು ತಿಳಿದದ್ದು ದಡಕ್ಕೆ ಬಂದ ಮೇಲೆ. ತೋರುಬೆರಳು ಎಲುಬು ಕಾಣುವಷ್ಟು ಸೀಳಿತ್ತು.

ಮನೆಯಲ್ಲಿ ದೊಡ್ಡ ಪಂಚಾಯಿತಿ ನಡೆಯಿತು. ನನ್ನ ಗಂಡ ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿ ಕೆಲಸ ಮಾಡುವವರು. ವಾರಗಟ್ಟಲೆ ನೀರಿನ ಮೇಲಿದ್ದು ಒಂದೆರಡು ದಿನ ಮನೆಗೆ ಬರುತ್ತಾರೆ, ಬಂದಾಗ ಆ ಎರಡು ದಿನದಲ್ಲೇ ಮನೆಯ ಎಲ್ಲ ಸಮಸ್ಯೆ ಬಗೆಹರಿಸಿ ಹೋಗಬೇಕೆಂಬ ಆತುರ ಅವರಿಗೆ. ಅಪ್ಪನಿಗೆ ಕಣ್ಣು ಮಂಜಾಗಿದೆ, ಅದಕ್ಕೇ ಹೀಗಾಯಿತು ಎಂದರು. ಉಡುಪಿಗೆ ಕರೆದುಕೊಂಡು ಹೋಗಿ ಕನ್ನಡಕ ಮಾಡಿಸಿದೆವು. ಮಾವ ತಕರಾರಿಲ್ಲದೆ ಹಾಕಿಕೊಂಡರು. ನಮಗೆ ಅಲ್ಲಿಯೇ ಅನುಮಾನ ಬರಬೇಕಿತ್ತು. ಸಾರಿಗೆ ಹುಳಿ ಒಂದು ಚೂರು ಹೆಚ್ಚಾದರೂ ತಕರಾರು ತೆಗೆಯುವ ಮನುಷ್ಯ ಅವರು.

ಅಷ್ಟಕ್ಕೆ ಮುಗಿಯಲಿಲ್ಲ. "ದೋಣಿ ಸಾಕು ಅಪ್ಪ, ಕೊಟ್ಟುಬಿಡುವ," ಎಂದರು ಗಂಡ. ಮಾವ ಕನ್ನಡಕ ತೆಗೆದು ಒರೆಸುತ್ತಾ ಕೂತರು. ಕೊನೆಗೆ ಅತ್ತೆ ಮಧ್ಯದ ದಾರಿ ಹುಡುಕಿದರು. ಭಾನುವಾರ ನನಗೆ ರಜೆ. ನಾನು ಜೊತೆಗೆ ಹೋಗಿ ನೋಡಿಕೊಳ್ಳಬೇಕು. ಮುಂದಿನ ಮಳೆಗಾಲಕ್ಕೆ ದೋಣಿ ಮೇಲಕ್ಕೆಳೆಯುವ ಹೊತ್ತಿಗೆ, ಅದು ಮನೆಯಲ್ಲಿ ಉಳಿಯಬೇಕೋ ಬೇಡವೋ ಎಂದು ತೀರ್ಮಾನ. ಅಂದರೆ ನನ್ನದು ಕಾವಲಿನ ಕೆಲಸ. ಮಾವನಿಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು.

ಕಾವಲಿಗೆ ನನ್ನಷ್ಟು ಅಯೋಗ್ಯಳು ಬೇರೆ ಸಿಗಲಿಕ್ಕಿಲ್ಲ. ನಮ್ಮದು ಗದಗದ ಕಡೆ. ನಾನು ಸಣ್ಣವಳಿದ್ದಾಗ ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆಂದು ಮಣಿಪಾಲಕ್ಕೆ ಬಂದರು. ಸಿಮೆಂಟ್ ಬುಟ್ಟಿ ಹೊತ್ತು ಹೊತ್ತು ಅವ್ವನ ಅಂಗೈ ಎಷ್ಟು ಒರಟಾಗಿತ್ತೆಂದರೆ, ನನಗೆ ಜ್ವರ ಬಂದರೆ ಕೈ ಮುಟ್ಟಿ ಅವಳಿಗೆ ತಿಳಿಯುತ್ತಿರಲಿಲ್ಲ. ಬಗ್ಗಿ ತನ್ನ ಕೆನ್ನೆಯನ್ನು ನನ್ನ ಹಣೆಗೆ ಇಟ್ಟು, "ಮೈ ಸುಡಾಕತ್ತೈತಿ," ಎನ್ನುತ್ತಿದ್ದಳು. ಎಲ್ಲರ ಅವ್ವಂದಿರೂ ಕೆನ್ನೆಯಲ್ಲೇ ಜ್ವರ ನೋಡುತ್ತಾರೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಈಗ ನಾನು ಮಣಿಪಾಲದ ಒಂದು ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹಾಸಿಗೆ ಬಟ್ಟೆ, ತಲೆದಿಂಬಿನ ಚೀಲ ಹೊಲಿಯುತ್ತೇನೆ. ಕಡಲನ್ನು ನಾನು ನೋಡಿದ್ದು ದಡದಲ್ಲಿ ನಿಂತು, ಗೋಬಿ ಮಂಚೂರಿ ತಿನ್ನುತ್ತಾ. ಅದರ ಮೇಲೆ ಹೋಗಿ ಕೂರುವ ಆಸೆ ನನಗೆ ಯಾವತ್ತೂ ಇರಲಿಲ್ಲ.

ಮೊದಲ ಭಾನುವಾರ ಮಾವ ನನಗೆ ಕಿತ್ತಳೆ ಬಣ್ಣದ ಜಾಕೆಟ್ ಕೊಟ್ಟು, ಕಾರ್ಕಳದವರ ಪಕ್ಕದ ಹಲಗೆಯಲ್ಲಿ ಕೂರಿಸಿ, ಎಲ್ಲ ಗಿರಾಕಿಗಳಿಗೆ ಹೇಳುವ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿದರು. "ದೋಣಿ ಓಡುವಾಗ ಎದ್ದು ನಿಲ್ಲಬೇಡಿ. ಕೈ ಹೊರಗೆ ಹಾಕಬೇಡಿ. ಎಂತ ಬೇಕಿದ್ದರೂ ನನ್ನನ್ನು ಕೇಳಿ." ಮನೆಯಲ್ಲಿ "ಮಗಾ, ಒಂದು ಲೋಟ ನೀರು ತಾ" ಎನ್ನುವವರು ಇಲ್ಲಿ ಬಹುವಚನದಲ್ಲಿ ಮಾತಾಡಿಸಿದ್ದನ್ನು ಕೇಳಿ ನಗು ಬಂತು. ಆ ನಗು ಬಹಳ ಹೊತ್ತು ಇರಲಿಲ್ಲ. ದೀಪಸ್ತಂಭ ದಾಟುವ ಹೊತ್ತಿಗೆ ಬೆಳಗಿನ ನೀರುದೋಸೆ ಪೂರ್ತಿ ಕಡಲಿನ ಪಾಲಾಗಿತ್ತು. ಕಾರ್ಕಳದವರು ಬೂಟು ಎರಡನ್ನೂ ಮೇಲೆತ್ತಿ ಕೂತಿದ್ದರು.

ಮಾವ ಜಾಗ ಹುಡುಕುವ ಕ್ರಮ ನನಗೆ ಆಮೇಲೆ ತಿಳಿಯಿತು. ದೀಪಸ್ತಂಭದ ತಲೆ ಅದರ ಹಿಂದಿನ ತೆಂಗಿನ ಸಾಲಿನ ಒಂದು ತಗ್ಗಿಗೆ ಸರಿಯಾಗಿ ಕೂರಬೇಕು. ತೆಂಕು ದಿಕ್ಕಿಗೆ ತಿರುಗಿದರೆ ಪಡುಬಿದ್ರಿ ಕಡೆಯ ವಿದ್ಯುತ್ ಸ್ಥಾವರದ ಉದ್ದನೆಯ ಹೊಗೆ ಕೊಳವೆ, ದಡದ ಒಂದು ಹಂಚಿನ ಮಾಡಿನ ಮೇಲೆ ನೆಟ್ಟಗೆ ನಿಂತ ಹಾಗೆ ಕಾಣಬೇಕು. ಎರಡೂ ಕೂಡಿ ಬಂದಲ್ಲಿ ಕೆಳಗೆ ಬಂಡೆ ಉಂಟು. ಅಲ್ಲಿ ಲಂಗರು ಹಾಕಿ, ಗಿರಾಕಿಗಳು ತಮ್ಮ ಕೋಲು, ನೂಲು ಸುತ್ತುವ ರಾಟೆ ಎಲ್ಲ ಬಿಚ್ಚುವ ಮೊದಲು ಮಾವ ತಾವೊಂದು ನೂಲು ಇಳಿಬಿಡುತ್ತಾರೆ. ಕೋಲಿಲ್ಲ, ರಾಟೆಯಿಲ್ಲ. ನೂಲು, ತುದಿಯಲ್ಲಿ ಸೀಸದ ಗುಂಡು, ಗಾಳಕ್ಕೆ ಎರೆಯಾಗಿ ಒಂದು ಸಿಗಡಿ, ಅಷ್ಟೇ. ತೋರುಬೆರಳಿನ ಮೇಲೆ ನೂಲು ಹಾಯಿಸಿಕೊಂಡು ಸುಮ್ಮನೆ ಕೂರುವುದು. ಕೆಳಗೆ ಬಂಡೆಯೋ ಮರಳೋ, ಸೆಳೆತ ಎಷ್ಟು, ಯಾವ ಮೀನು ಬಂದಿದೆ, ಯಾವ ಮೀನು ಬಂದರೂ ಪ್ರಯೋಜನವಿಲ್ಲ, ಎಲ್ಲವನ್ನೂ ಆ ಮೊದಲ ನೂಲಿನಲ್ಲಿ ತಿಳಿದುಕೊಂಡು ಆಮೇಲೆ ಗಿರಾಕಿಗಳಿಗೆ ಹೇಳುವುದು: ಗುಂಡು ನೆಲ ಮುಟ್ಟಿದ ಮೇಲೆ ಒಂದು ಗೇಣು ಎತ್ತಿ, ಎರೆ ಸಣ್ಣದು ಮಾಡಿ, ಇವತ್ತು ಮೊದಲ ಕಚ್ಚಿಗೆ ಎಳೆಯಬೇಡಿ, ಹೀಗೆ. ಬಾಡಿಗೆ ಕೊಟ್ಟು ಬರುವವರು ಬರುವುದೇ ಆ ಮಾತಿಗೆ.

ಎರಡನೇ ಭಾನುವಾರ ಮಾವ ಆ ಮೊದಲ ನೂಲನ್ನು ನನ್ನ ಕೈಗೆ ಕೊಟ್ಟರು. "ಹಿಡಿ. ನೂಲು ಎಂತ ಹೇಳ್ತದೆ, ನೋಡಿ ಹೇಳು."

"ಏನೂ ಹೇಳ್ತಿಲ್ಲ ಮಾವ."

"ಹೇಳ್ತದೆ. ಕೇಳು."

ಕೇಳಿದೆ. ನೂಲು ಬೆರಳಿನ ಮೇಲೆ ಸಣ್ಣಗೆ ನಡುಗಿತು, ನಿಂತಿತು. "ಏನೋ ಆಯ್ತು," ಎಂದೆ.

"ಏನೋ ಅಂದ್ರೆ ಎಂತ? ಸರಿಯಾಗಿ ಹೇಳು ಮಾರಾಯ್ತಿ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇಷ್ಟು ಜನ ಗಿರಾಕಿಗಳ ಮುಂದೆ, ಹೊಟ್ಟೆ ತೊಳಸುತ್ತಿರುವಾಗ, ನನ್ನನ್ನು ಶಾಲೆಯ ಮಗುವಿನ ಹಾಗೆ ಎಬ್ಬಿಸಿ ನಿಲ್ಲಿಸಿ ಮಗ್ಗಿ ಕೇಳುತ್ತಾರಲ್ಲ ಎಂದುಕೊಂಡೆ. ಸಿಟ್ಟು ಬಂದರೆ ನನ್ನ ಬಾಯಲ್ಲಿ ಅವ್ವನ ಮಾತು ಬರುತ್ತದೆ. "ಇಲಿ ಜೋಳದ ಚೀಲ ಕಡದಂಗ ಆಗಾಕತ್ತೈತ್ರಿ, ಸಾಕೇನು?" ಎಂದೆ.

ಕಾರ್ಕಳದವರು ಗೊಳ್ಳೆಂದು ನಕ್ಕರು. ಮಾವ ನಗಲಿಲ್ಲ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದರು. ಬಹುಶಃ ಅವರು ಜೋಳದ ಚೀಲವನ್ನೇ ಕಂಡವರಲ್ಲ, ಇಲಿಯನ್ನಂತೂ ಕಂಡಿದ್ದರು. "ಸಣ್ಣ ಮೀನುಗಳು. ಎರೆ ತಿಂದು ಹೋಗ್ತವೆ," ಎಂದರು ಗಿರಾಕಿಗಳಿಗೆ. "ಗಾಳ ಎರಡು ಗೇಣು ಮೇಲೆ ಇಡಿ. ದೊಡ್ಡದು ಈ ಸಣ್ಣವನ್ನು ಹುಡುಕಿಕೊಂಡು ಬರ್ತದೆ." ಸ್ವಲ್ಪ ಹೊತ್ತಿಗೆ ಬಂದೇ ಬಂತು. ಕಾರ್ಕಳದವರು ಬೂಟಿನ ಚಿಂತೆ ಬಿಟ್ಟು ಎದ್ದು ನಿಂತು ಎಳೆದರು, ಮಾವನಿಂದ ಬೈಸಿಕೊಂಡು ಕೂತು ಎಳೆದರು.

ಅಂದಿನಿಂದ ಪ್ರತಿ ಭಾನುವಾರ ಅದೇ ಕತೆ. ಮೊದಲ ನೂಲು ನನಗೆ, ಪ್ರಶ್ನೆ ಅವರದು. ಮನೆಗೆ ಬಂದು ಅತ್ತೆಯ ಮುಂದೆ ದೂರು ಹೇಳುತ್ತಿದ್ದೆ: ಅವರಿಗೆ ಗೊತ್ತಿದ್ದೂ ನನ್ನನ್ನು ಯಾಕೆ ಕೇಳಬೇಕು ಎಂದು. ಅತ್ತೆ ಮಾವನ ಬಟ್ಟಲಿಗೆ ಬಂಗುಡೆ ಹಾಕಿ, ಪಕ್ಕದಲ್ಲಿ ಕೂತು ಮುಳ್ಳು ಬಿಡಿಸಿ ಕೊಡುತ್ತಿದ್ದರು. ಆ ಕೆಲಸ ಮಾತ್ರ ದಿನವೂ ತಪ್ಪುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಎಂಥ ಮುದ್ದು ಎಂದು ಗಂಡನಿಗೆ ಫೋನಿನಲ್ಲಿ ಹೇಳಿ ನಗಾಡಿದ್ದೂ ಉಂಟು.

ಚಳಿಗಾಲ ಶುರುವಾದ ಮೇಲಿನ ಒಂದು ಭಾನುವಾರ. ಕಡಲು ಹಾಸಿದ ಬಟ್ಟೆಯ ಹಾಗೆ ಶಾಂತವಾಗಿತ್ತು, ನನಗೂ ವಾಂತಿ ನಿಂತುಹೋಗಿತ್ತು. ಗಿರಾಕಿಗಳು ದೋಣಿಯ ಮುಂದಿನ ತುದಿಯಲ್ಲಿದ್ದರು. ಮಾವ ಹಿಂದೆ ಕೂತು ಗಾಳಕ್ಕೆ ಸಿಗಡಿ ಚುಚ್ಚುತ್ತಾ, ನೀರು ಏರುವಾಗ ಮೀನು ಬಂಡೆಯ ಯಾವ ಮಗ್ಗುಲಲ್ಲಿ ಇರುತ್ತದೆ, ಇಳಿಯುವಾಗ ಯಾವ ಮಗ್ಗುಲಿಗೆ ಹೋಗುತ್ತದೆ ಎಂದು ನನಗೆ ಹೇಳುತ್ತಿದ್ದರು. ನಾನು ಅವರ ಕೈ ನೋಡುತ್ತಿದ್ದೆ. ಗಾಳ ಸಿಗಡಿಯನ್ನು ದಾಟಿ ಅವರ ಬೆರಳಿನ ತುದಿಗೆ ಹೊಕ್ಕಿತ್ತು. ಒಂದು ಹನಿ ರಕ್ತ ಉಬ್ಬಿ ನಿಂತಿತ್ತು. ಮಾವ ಮಾತಾಡುತ್ತಲೇ ಇದ್ದರು. "ಇಳಿತದಲ್ಲಿ ಅದು ಪಡುವಣ ಬದಿಗೆ ಹೋಗಿ ಕೂರ್ತದೆ, ಗೊತ್ತಾಯ್ತಲ್ಲ," ಎನ್ನುತ್ತಾ ಗಾಳವನ್ನು ಇನ್ನಷ್ಟು ಒತ್ತಿದರು.

"ಮಾವ, ಬೆರಳು," ಎಂದೆ.

ಮಾವ ಬೆರಳು ನೋಡಿಕೊಂಡರು. ಆಮೇಲೆ ಅವರು ಮೊದಲು ತಿರುಗಿ ನೋಡಿದ್ದು ಗಿರಾಕಿಗಳ ಕಡೆಗೆ, ಯಾರಾದರೂ ಕಂಡರೇ ಎಂದು. ಯಾರೂ ಕಂಡಿರಲಿಲ್ಲ. ಅವರು ಕೈಯನ್ನು ಮಡಿಲಿಗೆ ತಂದುಕೊಂಡರು. ನಾನು ಪಕ್ಕಕ್ಕೆ ಸರಿದು ಕೂತು, ಗಾಳವನ್ನು ಹೊಲಿಗೆಯ ಕೈಯಿಂದ ಮೆಲ್ಲಗೆ ಬಿಡಿಸಿ ತೆಗೆದೆ. ಅವರಿಗೆ ನೋಯಲೇ ಇಲ್ಲ. ನೋಯದೆ ಇದ್ದದ್ದನ್ನು ನೋಡಿ ನನಗೆ ನೋವಾಯಿತು.

"ಯಾವಾಗಿನಿಂದ?" ಎಂದು ಕೇಳಿದೆ.

"ಸಕ್ಕರೆ ಕಾಯಿಲೆ ಉಂಟಲ್ಲ ಮಗಾ, ಅದರದ್ದು. ಮೊದಲು ಕಾಲಿಗೆ ಬಂತು, ಆಮೇಲೆ ಕೈಗೆ. ಈಗ ಎರಡು ಮಳೆಗಾಲ ಆಯ್ತು. ನೂಲು ಹಿಡಿದರೆ ಹಿಡಿದದ್ದೇ ಗೊತ್ತಾಗುವುದಿಲ್ಲ." ಕನ್ನಡಕವನ್ನು ಹಣೆಯ ಮೇಲಕ್ಕೆ ದೂಡಿ ನಕ್ಕರು. "ಕಣ್ಣು ಸರಿ ಉಂಟು ನನ್ನದು. ಪಡುಬಿದ್ರಿಯ ಕೊಳವೆ ಕಾಣ್ತದೆ. ಕನ್ನಡಕ ಹಾಕಿದರೆ ಕಾಣುವುದಿಲ್ಲ."

ಆಗ ನನಗೆ ಎಲ್ಲ ಒಮ್ಮೆಲೇ ತಿಳಿಯಿತು. ಅವರು ಭಾನುವಾರ ಭಾನುವಾರ ನನ್ನನ್ನು ಕೇಳಿದ್ದು ಪರೀಕ್ಷೆಗಲ್ಲ. ಅವರಿಗೆ ನಿಜವಾಗಿ ಗೊತ್ತಾಗುತ್ತಿರಲಿಲ್ಲ. ಇಲಿ, ಜೋಳದ ಚೀಲ ಎಂದು ನಾನು ಸಿಡುಕಿದ ಮಾತನ್ನು ಹಿಡಿದುಕೊಂಡು, ಅದರಿಂದ ಮೀನು ಯಾವುದೆಂದು ಲೆಕ್ಕ ಹಾಕಿ ಗಿರಾಕಿಗಳಿಗೆ ಹೇಳುತ್ತಿದ್ದರು.

"ಮನೆಯಲ್ಲಿ ಹೇಳಬೇಡ," ಎಂದರು. "ಕಣ್ಣಿಗೆ ಕನ್ನಡಕ ಉಂಟು. ಇದಕ್ಕೆ ಎಂತ ಉಂಟು? ಮಗ ನಾಳೆಯೇ ದೋಣಿ ಕೊಡ್ತಾನೆ."

ನಾನು ಒಪ್ಪಿದೆ, ಸುಮ್ಮನೆ ಒಪ್ಪಲಿಲ್ಲ. ಉಡುಪಿಯ ಡಾಕ್ಟರಿಗೆ ತೋರಿಸಬೇಕು, ಮಾತ್ರೆ ತಪ್ಪಿಸಬಾರದು, ಓಡುವ ನೂಲನ್ನು ಬರಿಗೈಯಲ್ಲಿ ಮುಟ್ಟಬಾರದು ಎಂದೆ. ಗಂಡನ ಹಳೆಯ ಜೀನ್ಸ್ ಪ್ಯಾಂಟ್ ಕತ್ತರಿಸಿ ಅವರ ಬೆರಳುಗಳಿಗೆ ಒಂದೊಂದು ಟೊಪ್ಪಿ ಹೊಲಿದುಕೊಟ್ಟೆ. ಮನೆಯಲ್ಲಿ ಕೇಳಿದರೆ ಉಪ್ಪುನೀರು ಗಾಯಕ್ಕೆ ಆಗುವುದಿಲ್ಲ, ಅದಕ್ಕೆ, ಎಂದು ಹೇಳಿಕೊಂಡೆವು. ಡಾಕ್ಟರು ಇದ್ದದ್ದನ್ನು ಉಳಿಸಿಕೊಳ್ಳಬಹುದು, ಹೋದ ಸ್ಪರ್ಶ ಬರುವುದು ಕಷ್ಟ ಎಂದರು.

ಕಡಲಿನ ಮೇಲೆ ಮಾತಿಗೆ ಬರವಿರಲಿಲ್ಲ. ಗುಟ್ಟು ಒಂದಾದ ಮೇಲೆ ನಾನು ಮೈಯೆಲ್ಲ ಕಿವಿಯಾಗಿ ನೂಲು ಹಿಡಿಯತೊಡಗಿದೆ. ಸೀಸದ ಗುಂಡು ಮರಳಿಗೆ ಬಿದ್ದರೆ ಹಿಟ್ಟಿನ ಡಬ್ಬಿಯೊಳಗೆ ಚಮಚ ಬಿದ್ದಂತೆ, ಬಂಡೆಗೆ ಬಿದ್ದರೆ ಹಲ್ಲಿಗೆ ಕಲ್ಲು ಸಿಕ್ಕಂತೆ. ಏಡಿ ಗಾಳ ಹಿಡಿದರೆ ಒದ್ದೆ ಕೌದಿ ಎತ್ತಿದಂಗ. ಕೌದಿ ಎಂದರೆ ಏನೆಂದು ಮಾವ ಕೇಳಿದರು. ಹಳೆ ಸೀರೆ ಪದರ ಪದರವಾಗಿ ಇಟ್ಟು ಹೊಲಿಯುವ ನಮ್ಮ ಕಡೆಯ ಹೊದಿಕೆ ಎಂದು ಹೇಳಿದೆ, ಮುಂದಿನ ವಾರ ಅವ್ವನ ಮನೆಯಿಂದ ಒಂದನ್ನು ತಂದು ತೋರಿಸಿಯೂ ತೋರಿಸಿದೆ. ಬಂಡೆಯ ಸಂದಿಯಲ್ಲಿರುವ ಮುರು ಮೀನು ಕಚ್ಚಿದರೆ ಕರು ಹಗ್ಗ ಜಗ್ಗಿದಂಗ. ಆ ಮಾತು ನನ್ನ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಮಾವ "ಎಳೆ, ಎಳೆ, ಸಂದಿಗೆ ಹೋದರೆ ಬರುವುದಿಲ್ಲ" ಎನ್ನುತ್ತಿದ್ದರು. ಕೊಡ್ಡಾಯಿ ಎಂಬ ಮೀನಿನದು ಮಾತ್ರ ಬೇರೆ ಸ್ವಭಾವ. ಎರಡು ಸಲ ಮೆಲ್ಲಗೆ ಎಳೆಯುತ್ತದೆ, ಸುಮ್ಮನಾಗುತ್ತದೆ, ನಾವು ಮರೆತ ಮೇಲೆ ಮತ್ತೆ ಎಳೆಯುತ್ತದೆ. "ಸಣ್ಣ ಕೂಸು ಸೆರಗ ಜಗ್ಗಿದಂಗ ಐತ್ರಿ ಮಾವ," ಎಂದಿದ್ದೆ ಮೊದಲ ಸಲ. ಮಾವನಿಗೆ ಆ ಮಾತು ಬಹಳ ಹಿಡಿಸಿತು. "ಹೌದು, ಹಾಗೆಯೇ. ಅದಕ್ಕೆ ಹಸಿವೆ ಉಂಟು, ಹೆದರಿಕೆಯೂ ಉಂಟು," ಎಂದರು. "ಮೂರನೇ ಸಲಕ್ಕೆ ಎಳೆಯಬೇಕು. ಅಲ್ಲಿಯವರೆಗೆ ನಿನಗೆ ಎಂತದೂ ಗೊತ್ತೇ ಇಲ್ಲದ ಹಾಗೆ ಕೂರಬೇಕು."

ಕಾರ್ಕಳದವರು ಮೊದಮೊದಲು ನಗುತ್ತಿದ್ದವರು ಆಮೇಲೆ ತಾವೇ, "ಇವತ್ತು ಕರುವಾ, ಕೌದಿಯಾ?" ಎಂದು ಕೇಳತೊಡಗಿದರು. ದುಬಾರಿ ಕೋಲು ಮನೆಯಲ್ಲಿಟ್ಟು ಬರಿಗೈ ನೂಲಿಗೆ ಇಳಿದರು. ನನಗೂ ಹುಚ್ಚು ಹತ್ತಿತು, ಸುಳ್ಳು ಯಾಕೆ ಹೇಳಲಿ. ಹೊಲಿಗೆ ಕೋಣೆಯಲ್ಲಿ ಮಷೀನಿನ ದಾರ ಎಳೆಯುವಾಗಲೂ ಬೆರಳು ತಾನಾಗಿ ಕಾಯುತ್ತಿತ್ತು.

ಹೀಗೆ ಬೇಸಿಗೆ ಬಂತು. ಒಂದು ಭಾನುವಾರ ಗಿರಾಕಿಗಳಿಗೆ ಬುಟ್ಟಿ ತುಂಬ ಮೀನು ಸಿಕ್ಕಿತ್ತು, ಎಲ್ಲರೂ ಮಾವನನ್ನು ಹೊಗಳಿ ಹೋದರು. ದೋಣಿ ತೊಳೆಯುತ್ತಾ ನಾನು ಖುಷಿಯಲ್ಲಿ ಏನೇನೋ ಹರಟುತ್ತಿದ್ದೆ. ಮಾವ ಇಂಜಿನ್ ಮೇಲೆ ಕೈಯಿಟ್ಟು ನಿಂತಿದ್ದರು.

"ಮಗ ಹೇಳುವುದು ಸರಿ. ದೋಣಿ ಕೊಟ್ಟುಬಿಡುವ," ಎಂದರು.

ನಾನು ಪೊರಕೆ ಕೆಳಗಿಟ್ಟೆ. ಇಷ್ಟೆಲ್ಲ ಚೆನ್ನಾಗಿ ನಡೆಯುವಾಗ ಯಾಕೆ ಎಂದೆ. ನಾನು ಸಾಲದೇ ನಿಮಗೆ ಎಂದೂ ಕೇಳಿದೆ, ಸ್ವಲ್ಪ ಜೋರಾಗಿಯೇ.

"ನೀನು ಚೆನ್ನಾಗಿ ಹೇಳ್ತಿ ಮಗಾ. ನನ್ನ ಮಗನಿಗೂ ಇಷ್ಟು ಗೊತ್ತಿಲ್ಲ. ಆದರೆ ಅದು ಊರಿಗೆ ಹೋಗಿ ಬಂದವರ ಬಾಯಿಂದ ಊರಿನ ಸುದ್ದಿ ಕೇಳಿದ ಹಾಗೆ. ಎಷ್ಟು ದಿನ ಅಂತ ಕೇಳುವುದು? ನನಗೇ ಒಮ್ಮೆ ಹೋಗಬೇಕು ಅಂತ ಆಗ್ತದೆ." ಅವರು ಬೆರಳಿನ ಟೊಪ್ಪಿಗಳನ್ನು ಒಂದೊಂದಾಗಿ ತೆಗೆದು ಕಿಸೆಗೆ ಹಾಕಿಕೊಂಡರು. "ಅದಾಗುವುದಿಲ್ಲ ಅಂತ ಗೊತ್ತಾದ ಮೇಲೆ ಅಲ್ಲಿ ಹೋಗಿ ಕೂರಲಿಕ್ಕೆ ಬೇಜಾರಾಗ್ತದೆ."

ಮೀನಿಗೆಲ್ಲ ಮಾತು ಹುಡುಕಿದವಳು ಆವತ್ತು ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಮೇ ತಿಂಗಳ ಕೊನೆಗೆ ಬೋಟುಗಳೆಲ್ಲ ದಡ ಸೇರುವ ಕಾಲದಲ್ಲಿ ಗಂಡ ಮನೆಗೆ ಬಂದರು. ಅಪ್ಪನೇ ಒಪ್ಪಿದ ಮೇಲೆ ಅವರಿಗೆ ತಡವೇನು. ಪಡುಬಿದ್ರಿಯ ಒಬ್ಬರು ಸೋಮವಾರ ಬಂದು ದೋಣಿ ನೋಡುತ್ತಾರೆ ಎಂದಾಯಿತು. ಅಪ್ಪ ಇನ್ನು ಆರಾಮವಾಗಿ ಇರಲಿ ಎಂದು ಗಂಡನಿಗೆ ನಿಜವಾಗಿ ಸಂತೋಷವಾಗಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗಾಗಲಿಲ್ಲ.

ಹಿಂದಿನ ದಿನ ಭಾನುವಾರ. ಗಿರಾಕಿಗಳಿಗೆ ಬರಬೇಡಿ ಎಂದು ಹೇಳಿಯಾಗಿತ್ತು. ಆದರೂ ಮಾವ ಬೆಳಿಗ್ಗೆ ಎದ್ದು ಅಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ನಾನು ಸುಮ್ಮನೆ ಜಾಕೆಟ್ ಎರಡನ್ನೂ ಹಿಡಿದುಕೊಂಡು ಹೊರಟೆ. ಗಿರಾಕಿಗಳೇ ಇಲ್ಲದ ದೋಣಿಗೆ ನಾನು ಏನಾಗಿ ಹತ್ತುತ್ತೇನೆ ಎಂದು ಅತ್ತೆ ಕೇಳಲಿಲ್ಲ.

ಕಡಲಿನ ಬಣ್ಣ ಬದಲಾಗತೊಡಗಿತ್ತು, ಅಲೆ ಇನ್ನೂ ಏಳುತ್ತಿರಲಿಲ್ಲ. ದೀಪಸ್ತಂಭ ತೆಂಗಿನ ತಗ್ಗಿಗೆ ಬಂದು ಕೂತಿತು, ಕೊಳವೆ ಮಾಡಿನ ಮೇಲೆ ನಿಂತಿತು, ಮಾವ ಲಂಗರು ಹಾಕಿದರು. ಮೊದಲ ನೂಲನ್ನು ನನಗೆ ಕೊಡದೆ ತಾವೇ ಇಳಿಸಿದರು. ಬೆರಳಿಗೆ ಟೊಪ್ಪಿ ಹಾಕಲಿಲ್ಲ. ನಾನೂ ಹೇಳಲಿಲ್ಲ. ನೂಲನ್ನು ತೋರುಬೆರಳಿನ ಮೇಲೆ ಹಾಯಿಸಿ, ತಲೆ ತಗ್ಗಿಸಿ ಬಹಳ ಹೊತ್ತು ಕೂತರು. ನೂಲು ಎರಡು ಮೂರು ಸಲ ಕುಣಿದದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಅವರು ಇನ್ನೊಂದು ಕೈಯಿಂದ ಆ ಬೆರಳನ್ನು ಹಿಡಿದು ಉಜ್ಜಿದರು, ಮಗುವಿನ ಮರಗಟ್ಟಿದ ಕಾಲು ಉಜ್ಜುವ ಹಾಗೆ.

ಆಗಲೇ ಅವ್ವನ ನೆನಪಾಯಿತು. ಯಾಕೆ ಇಷ್ಟು ದಿನ ನೆನಪಾಗಲಿಲ್ಲವೋ.

"ಮಾವ, ಕನ್ನಡಕ ತೆಗೆಯಿರಿ," ಎಂದೆ.

"ಯಾಕೆ?"

"ಕೆನ್ನೆ ಇಡಿ ನೂಲಿಗೆ."

"ಮರ್ಲ್ ಉಂಟಾ ನಿನಗೆ?" ಎಂದರು. ತುಳುವಿನಲ್ಲಿ ಮರ್ಲ್ ಎಂದರೆ ಹುಚ್ಚು. ಇರಲಿ, ಹುಚ್ಚೇ ಎಂದು, ಅವ್ವನ ಸಿಮೆಂಟಿನ ಕೈ, ಜ್ವರ, ಹಣೆಗೆ ತಾಗುತ್ತಿದ್ದ ಅವಳ ಕೆನ್ನೆ, ಎಲ್ಲ ಹೇಳಿದೆ. ಮಾವ ಸುತ್ತ ನೋಡಿದರು. ಸುತ್ತ ನೀರು ಬಿಟ್ಟರೆ ಯಾರೂ ಇರಲಿಲ್ಲ. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಜಾಕೆಟಿನೊಳಗೆ ಇಟ್ಟು, ನೂಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಮೇಲಕ್ಕೆತ್ತಿ ಹಿಡಿದೆ. ಮೀನು ಓಡಿದರೆ ತಲೆ ಹಿಂದೆ ತೆಗೆಯಬೇಕು ಎಂದು ಎರಡೆರಡು ಸಲ ಹೇಳಿದೆ. ಮಾವ ದೋಣಿಯ ಅಂಚಿಗೆ ಮೊಣಕೈ ಊರಿ, ಬಗ್ಗಿ, ಎಡಗೆನ್ನೆಯನ್ನು ನೂಲಿಗೆ ಇಟ್ಟರು. ಬೆಳಿಗ್ಗೆಯಷ್ಟೇ ಗಡ್ಡ ಹೆರೆದ ಕೆನ್ನೆ. ಕಣ್ಣು ಮುಚ್ಚಿದರು.

ನಾನು ನೂಲನ್ನು ಸ್ವಲ್ಪ ಸಡಿಲಿಸಿದೆ. ಗುಂಡು ಕೆಳಗಿಳಿದು ತಾಗಿತು.

"ಕಲ್ಲು," ಎಂದರು ಮಾವ.

ಇದು ಊಹೆಯಿರಬಹುದು, ಆ ಜಾಗದಲ್ಲಿ ಕಲ್ಲಲ್ಲದೆ ಇನ್ನೇನಿರುತ್ತದೆ. ನೂಲು ಒಂದು ಗೇಣು ಎತ್ತಿದೆ. ಸ್ವಲ್ಪ ಹೊತ್ತಿಗೆ ನನ್ನ ಬೆರಳಿಗೆ ಸಣ್ಣಗೆ ಕಚಗುಳಿಯಾಯಿತು. ನಾನು ತುಟಿ ಪಿಟಕ್ಕೆನ್ನಲಿಲ್ಲ.

"ಇಲಿ," ಎಂದರು ಮಾವ. ಅವರ ಧ್ವನಿ ಬದಲಾಗಿತ್ತು.

ಕಚಗುಳಿ ನಿಂತಿತು. ದೋಣಿ ಮೆಲ್ಲಗೆ ತೂಗುತ್ತಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೆಳಗಿನಿಂದ ಯಾರೋ ಮೆತ್ತಗೆ ಎಳೆದರು, ಇನ್ನೊಮ್ಮೆ ಎಳೆದರು, ಸುಮ್ಮನಾದರು. ನನ್ನ ಬೆರಳಿಗೆ ಅದು ಯಾವುದೆಂದು ಗೊತ್ತಾಗಿತ್ತು. ಹೇಳಬಾರದೆಂದು ಹಲ್ಲು ಕಚ್ಚಿಕೊಂಡು, ಇಷ್ಟು ತಿಂಗಳು ಅವರು ನನ್ನನ್ನು ಕೇಳಿದ ಪ್ರಶ್ನೆಯನ್ನು ನಾನು ಕೇಳಿದೆ.

"ಮಾವ, ನೂಲು ಎಂತ ಹೇಳ್ತದೆ?"

ಮಾವ ಕಣ್ಣು ತೆರೆಯಲಿಲ್ಲ. ಕೆನ್ನೆ ನೂಲಿನಿಂದ ತೆಗೆಯಲಿಲ್ಲ. ಅವರು ಉತ್ತರ ಕೊಟ್ಟದ್ದು ತುಳುವಿನಲ್ಲೂ ಅಲ್ಲ, ಅವರ ಕನ್ನಡದಲ್ಲೂ ಅಲ್ಲ.

"ಸಣ್ಣ ಕೂಸು ಸೆರಗ ಜಗ್ಗಿದಂಗ ಐತಿ," ಎಂದರು.

ಅವ್ವನ ಮಾತು ಮಾವನ ಬಾಯಲ್ಲಿ, ಕಾಪುವಿನ ಕಡಲ ಮೇಲೆ. ನನಗೆ ಅಳು ಬಂದುಬಿಟ್ಟಿತು. ಮೂರನೇ ಸಲಕ್ಕೆ ನೂಲು ಎಳೆಯಬೇಕೆಂಬುದೂ ಮರೆತುಹೋಯಿತು. "ಎಳೆ ಮಾರಾಯ್ತಿ, ಕೂಸು ಹೋಗ್ತದೆ," ಎಂದು ಮಾವ ತಲೆ ಹಿಂದಕ್ಕೆ ತೆಗೆದು ಕೂಗಿದಾಗಲೇ ನಾನು ಎಳೆದದ್ದು. ಕೊಡ್ಡಾಯಿ ಮೇಲೆ ಬಂತು, ದೊಡ್ಡದೇನಲ್ಲ. ಮಾವ ಅದನ್ನು ಗಾಳದಿಂದ ಬಿಡಿಸುವುದನ್ನೂ ನನಗೇ ಬಿಟ್ಟು, ಮತ್ತೆ ಬಗ್ಗಿ, ಇನ್ನೊಂದು ಎರೆ ಹಾಕು ಎಂದರು. ಆ ಬೆಳಿಗ್ಗೆ ಎಷ್ಟು ಸಲ ಹಾಗೆ ಕೂತರೋ. ಏಡಿಗೆ ಕೌದಿ ಎಂದರು, ಮುರುವಿಗೆ ಕರು ಎಂದರು, ಒಮ್ಮೆ ಏನೂ ಇಲ್ಲದಿರುವಾಗ ಸುಮ್ಮನೆ ನೂಲಿಗೆ ಕೆನ್ನೆಯಿಟ್ಟು, "ನೀರು ಇಳಿಯಲಿಕ್ಕೆ ಶುರುವಾಯ್ತು," ಎಂದರು. ಅದು ನನ್ನ ಬೆರಳಿಗೂ ಗೊತ್ತಾಗಿರಲಿಲ್ಲ.

ಮನೆಗೆ ಬರುವಾಗ ಮಧ್ಯಾಹ್ನ ದಾಟಿತ್ತು. ಅತ್ತೆ ಮಟ್ಟುಗುಳ್ಳ ಬದನೆಯ ಹುಳಿ ಮಾಡಿ ಕಾಯುತ್ತಿದ್ದರು. ಮೀನಿನ ಬುಟ್ಟಿ ಇಳಿಸಿಕೊಳ್ಳಲು ಬಂದವರು ಮಾವನ ಮುಖ ನೋಡಿ ನಿಂತರು. ಎಡಗೆನ್ನೆಯ ಮೇಲೆ ಬಾಯಿಯ ಪಕ್ಕದಿಂದ ಕಿವಿಯವರೆಗೆ ನೂಲಿನ ಕೆಂಪು ಗೆರೆಗಳು ಬಿದ್ದಿದ್ದವು. ಅತ್ತೆ ಹೆಬ್ಬೆರಳಿನಿಂದ ಒಂದು ಗೆರೆಯನ್ನು ಮೆಲ್ಲಗೆ ಸವರಿದರು. ನಲವತ್ತು ವರ್ಷ ಮೀನು ಮಾರಿದವರಿಗೆ ನೂಲಿನ ಗುರುತು ಹೇಳಿಕೊಡಬೇಕೇ.

"ಗೊತ್ತಾಯ್ತಾ?" ಎಂದು ಕೇಳಿದರು ಮಾವನನ್ನು.

"ಗೊತ್ತಾಯ್ತು," ಎಂದರು ಮಾವ.

ನಾನು ಬೆಪ್ಪಾಗಿ ನಿಂತೆ. "ಅತ್ತೆ, ನಿಮಗೆ ಬೆರಳಿನ ವಿಷಯ..." ಎಂದು ಶುರುಮಾಡಿದೆ.

"ಮೀನಿನ ಮುಳ್ಳು ಬೆರಳಿಗೆ ತಿಳಿಯದೆ ನುಂಗಿ ಒದ್ದಾಡಿದವರು ನನ್ನ ಪಕ್ಕದಲ್ಲಿ ಕೂತಿದ್ದರು, ನಿನ್ನ ಪಕ್ಕದಲ್ಲಲ್ಲ," ಎಂದರು ಅತ್ತೆ. "ಕನ್ನಡಕ ಅಂದರೆ ಅವರಿಗೆ ನಾಚಿಕೆ ಆಗುವುದಿಲ್ಲ. ಅದಕ್ಕೇ ಕನ್ನಡಕ ಆಗಲಿ ಅಂತ ನಾನೂ ಸುಮ್ಮನಾದೆ."

ಮಾವ ಅತ್ತೆಯ ಮುಖ ನೋಡಿದರು, ಆಮೇಲೆ ಕಾಲು ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋದರು. ಅಲ್ಲಿಂದ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಊಟಕ್ಕೆ ಕೂತಾಗ ಅತ್ತೆ ಎಂದಿನಂತೆ ಅವರ ಬಟ್ಟಲಿನ ಮೀನಿಗೆ ಕೈ ಹಾಕಿ ಮುಳ್ಳು ಬಿಡಿಸತೊಡಗಿದರು. ಬಿಡಿಸುತ್ತಲೇ ಮಗನಿಗೆ ಹೇಳಿದರು: ಪಡುಬಿದ್ರಿಯವರಿಗೆ ಫೋನ್ ಮಾಡು, ಬರುವುದು ಬೇಡ. ಗಂಡ ಅಪ್ಪನ ಕೆನ್ನೆ ನೋಡಿದರು, ನನ್ನ ಮುಖ ನೋಡಿದರು, ಏನೂ ಅರ್ಥವಾಗದೆ ಫೋನ್ ಹುಡುಕಲು ಎದ್ದರು.

ಆಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ಮಳೆ ಕಳೆದ ಮೇಲೆ ನೀನು ಗಿರಾಕಿಯ ಹಲಗೆಯಲ್ಲಿ ಕೂರುವುದು ಬೇಡ," ಎಂದರು. "ಅವರ ಪಕ್ಕದಲ್ಲಿ ಕೂರು."